ಡ್ಯಾಶ್‌ಬೋರ್ಡಿನ ಕೆಂಪು ದೀಪ

ಡ್ರಾಯಿಂಗ್ ಮೇಷ್ಟ್ರ ನೆಮ್ಮದಿ ಕೆಡಿಸಿದ್ದು ಕಡಲೆಕಾಳಿನ ಗಾತ್ರದ ಒಂದು ಕೆಂಪು ದೀಪ. ಅದು ಇದ್ದದ್ದು ಅವರಪ್ಪ ಬಿಟ್ಟುಹೋದ ಹಳೇ ಕಾರಿನ ಡ್ಯಾಶ್‌ಬೋರ್ಡಿನಲ್ಲಿ. ಎಂಜಿನ್ ಚಾಲೂ ಆದ ಮೇಲೆ ದೀಪ ಆರಿದರೆ ಡೈನಮೋ ಬ್ಯಾಟರಿಗೆ ಚಾರ್ಜ್ ಕೊಡುತ್ತಿದೆ ಎಂದರ್ಥ. ಆರದಿದ್ದರೆ ಬ್ಯಾಟರಿ ಸೋರಿ ಸೋರಿ ಗಾಡಿ ನಡುದಾರಿಯಲ್ಲಿ ಕೈಕೊಡುತ್ತದೆ. ಮೇಷ್ಟ್ರ ಕಾರಿನ ದೀಪ ಹತ್ತೊಂಬತ್ತು ವರ್ಷದಿಂದ ಆರಿರಲಿಲ್ಲ.

ಹಾಗಂತ ಕಾರು ಒಂದು ದಿನವಾದರೂ ದಾರಿಯಲ್ಲಿ ನಿಂತಿತ್ತೇ? ನಿಲ್ಲುವಷ್ಟು ದೂರ ಅದನ್ನು ಒಯ್ದವರಾದರೂ ಯಾರು! ಮೇಷ್ಟ್ರು ಅಂಚೆ ಕಚೇರಿಯವರೆಗೆ ಹೋಗುತ್ತಿದ್ದರು, ದೀಪ ನೋಡುತ್ತಿದ್ದರು, ಜೀವ ಕೈಯಲ್ಲಿ ಹಿಡಿದುಕೊಂಡು ವಾಪಸ್ಸು ಬರುತ್ತಿದ್ದರು. ಪ್ರತಿ ಭಾನುವಾರ ಬ್ಯಾಟರಿ ಬಿಚ್ಚಿ ಮನೆಯೊಳಗೆ ಚಾರ್ಜಿಗೆ ಹಾಕುತ್ತಿದ್ದರು. ಮೆಕ್ಯಾನಿಕ್‌ಗೆ ತೋರಿಸೋಣವೆಂದರೆ ಅಪ್ಪನ ಕಾರಿಗೆ ಹೊರಗಿನವರು ಕೈಹಾಕುವುದನ್ನು ಅವರ ಮನಸ್ಸು ಒಪ್ಪುತ್ತಿರಲಿಲ್ಲ.

ಅಸಲಿಗೆ ಆ ಕಾರಿನ ಒಳಹೊರಗೆಲ್ಲ ತಿಳಿದಿದ್ದವಳು ಅವರ ಅಕ್ಕ. ಅಪ್ಪ ಕಾರಿನಡಿ ಮಲಗಿದರೆ ಸ್ಪ್ಯಾನರ್ ಕೊಡುತ್ತಿದ್ದವಳು ಅವಳು, ಮೊದಲು ಓಡಿಸಲು ಕಲಿತವಳೂ ಅವಳೇ. ಆದರೂ ಅಪ್ಪ ಹೋಗುವಾಗ ಕೀಲಿ ಕೊಟ್ಟದ್ದು ಮಗನ ಕೈಗೆ. ಅಕ್ಕ ಜಗಳವಾಡಲಿಲ್ಲ. ಇನ್ನೂರು ಕಿಲೋಮೀಟರ್ ದೂರದ ಗಂಡನ ಮನೆಗೆ ಹೊರಟುನಿಂತಾಗ ಒಂದೇ ಮಾತು ಹೇಳಿದಳು: "ನನ್ನ ನೋಡೋಕೆ ಬರೋದಾದ್ರೆ ಅಪ್ಪನ ಕಾರಲ್ಲೇ ಬಾ."

ಮೇಷ್ಟ್ರು ಹೋಗಲೇ ಇಲ್ಲ. ಒಂದು ವರ್ಷ ಪರೀಕ್ಷೆ, ಇನ್ನೊಂದು ವರ್ಷ ರಜೆ ಇಲ್ಲ, ಮತ್ತೊಂದು ವರ್ಷ ಬೆನ್ನುನೋವು. ದೀಪದ ವಿಷಯ ಮಾತ್ರ ಬಾಯಿಬಿಡಲಿಲ್ಲ. ಭಾವನಿಗೆ ಆಸ್ಪತ್ರೆಯಲ್ಲಿ ಸೀರಿಯಸ್ಸು ಎಂದು ಫೋನ್ ಬಂದ ದಿನ ಧೈರ್ಯ ಮಾಡಿ ಕಾರಿನಲ್ಲೇ ಹೊರಟಿದ್ದರು. ಮೂರನೇ ಕಿಲೋಮೀಟರಿಗೆ ಆ ದೀಪ ದಿಟ್ಟಿಸಿ ನೋಡಿತು. ಹಿಂದಕ್ಕೆ ಬಂದು ಬಸ್ಸು ಹಿಡಿದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಆರು ವರ್ಷ ಅಕ್ಕ ಮಾತಾಡಿರಲಿಲ್ಲ.

ಈಗ ನೋಡಿದರೆ ನಿನ್ನೆ ಇದ್ದಕ್ಕಿದ್ದಂತೆ ಅವಳ ಫೋನು. "ನಾಳೆ ಸಂಜೆ ಐದೂಮುಕ್ಕಾಲಿನ ರೈಲಿಗೆ ಬರ್ತೀನಿ. ಅಪ್ಪನ ಕಾರು ತಂದ್ರೆ ಮನೆಗೆ ಬರ್ತೀನಿ. ಇಲ್ದಿದ್ರೆ ಆರೂವರೆ ರೈಲಿಗೆ ವಾಪಸ್ಸು ಹೋಗ್ತೀನಿ. ಆಮೇಲೆ ನೀನ್ಯಾರೋ ನಾನ್ಯಾರೋ."

ಸ್ಟೇಷನ್ನು ಹನ್ನೆರಡು ಕಿಲೋಮೀಟರ್. ಮೇಷ್ಟ್ರಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ.

"ಅಕ್ಕನಿಗೇ ಫೋನ್ ಮಾಡಿ ಹಿಂಗಿಂಗೆ ಅಂತ ಕೇಳಿಬಿಡಿ. ಅವ್ರಿಗೆ ಗೊತ್ತಿರುತ್ತೆ" ಎಂದರು ಹೆಂಡತಿ.

"ಸತ್ರೂ ಕೇಳಲ್ಲ. ಅಪ್ಪ ನಿನಗ್ಯಾಕೆ ಕೊಟ್ರೋ ಅಂತ ನಗ್ತಾಳೆ."

"ದೀಪಕ್ಕೆ ಹೆದರಿ ಅಕ್ಕನ್ನ ಕಳ್ಕೊಂಡೋರು ನೀವೊಬ್ರೇ ಇರ್ಬೇಕು" ಎಂದು ಹೆಂಡತಿ ಒಳಗೆ ಹೋದರು.

ಬೆಳಗ್ಗೆ ಬಾನೆಟ್ ಎತ್ತಿದ್ದೇ ತಡ, ಪಕ್ಕದ ಮನೆಯ ರಿಟೈರ್ಡ್ ಲೈನ್‌ಮನ್ ಕೈಯಲ್ಲಿ ಮೀಟರ್ ಹಿಡಿದು ಹಾಜರಾದರು. ಅವರ ಹಿಂದೆಯೇ ಎದುರುಮನೆಯ ಕಾಂಪೌಂಡರ್. ಮೇಷ್ಟ್ರು ಬೇಡವೆನ್ನಬೇಕಿತ್ತು. ಆದರೆ ಸಂಜೆಯ ರೈಲು ಕಣ್ಣ ಮುಂದಿತ್ತು.

ಎಂಜಿನ್ ಓಡುತ್ತಿರುವಾಗಲೇ ಲೈನ್‌ಮನ್ ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಇಟ್ಟರು. "ಹದಿನಾಲ್ಕು ವೋಲ್ಟ್ ತೋರಿಸ್ತಿದೆ ಸಾರ್. ಅಂದ್ರೆ ಚಾರ್ಜ್ ಚೆನ್ನಾಗೇ ಆಗ್ತಿದೆ."

ಮೂವರೂ ಕಿಟಕಿಯೊಳಗೆ ತಲೆ ತೂರಿಸಿದರು. ದೀಪ ಕೆಂಪಗೆ ಉರಿಯುತ್ತಿತ್ತು.

"ಹಂಗಾದ್ರೆ ನಿಮ್ಮ ಮೀಟರೇ ಕೆಟ್ಟಿದೆ" ಎಂದರು ಕಾಂಪೌಂಡರ್.

"ಮೂವತ್ತು ವರ್ಷ ನನ್ನ ಪ್ರಾಣ ಕಾಪಾಡಿದ ಮೀಟರ್ ರೀ ಇದು!"

"ಇರಬಹುದು ಸ್ವಾಮಿ. ನಾಡಿ ಸರಿಯಿದ್ದು ಕಣ್ಣು ಕೆಂಪಗಿದ್ರೆ ನಮ್ಮ ಡಾಕ್ಟ್ರು ಕಣ್ಣನ್ನೇ ನಂಬೋರು."

ಲೈನ್‌ಮನ್ ಮೀಟರನ್ನು ತೊಡೆಗೆ ಎರಡು ಬಾರಿ ಬಡಿದು ಮತ್ತೆ ನೋಡಿದರು. ಹದಿನಾಲ್ಕೇ. ಪಾಪ, ಮುಖ ಸಣ್ಣದು ಮಾಡಿಕೊಂಡು ಅದನ್ನು ಜೇಬಿಗೆ ಹಾಕಿದರು. ಸರಿಯಾಗಿದ್ದ ಒಂದೇ ಒಂದು ಸಾಕ್ಷಿಯ ಬಾಯಿ ಅಲ್ಲಿಗೆ ಮುಚ್ಚಿತು.

ಆಮೇಲೆ ಶುರುವಾಯಿತು ಚಿಕಿತ್ಸೆ. ಡೈನಮೋ ಕೆಳಗಿಳಿಯಿತು. ಒಳಗಿನ ಕಾರ್ಬನ್ ತುಂಡುಗಳನ್ನು ಕಾಂಪೌಂಡರ್ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಮಗುವಿನ ಕಿವಿ ಒರೆಸುವಂತೆ ಒರೆಸಿದರು. ಒರೆಸುತ್ತಿರುವಾಗ ಒಂದು ಸ್ಪ್ರಿಂಗು ಟಣ್ ಎಂದು ಹಾರಿ ಚರಂಡಿ ಸೇರಿತು. ಮೂವರು ಗಂಡಸರು ಅರ್ಧ ಗಂಟೆ ಚರಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಸ್ಪ್ರಿಂಗು ಸಿಗಲಿಲ್ಲ.

"ತಲೆ ಕೆಡಿಸ್ಕೋಬೇಡಿ ಮೇಷ್ಟ್ರೇ" ಎಂದು ಕಾಂಪೌಂಡರ್ ತಮ್ಮ ಜೇಬಿನ ಪೆನ್ನು ಬಿಚ್ಚಿ ಅದರ ಸ್ಪ್ರಿಂಗನ್ನು ತುರುಕಿದರು. ಎಲ್ಲವನ್ನೂ ಮತ್ತೆ ಜೋಡಿಸಿದ್ದಾಯಿತು. ಇಪ್ಪತ್ತು ಸಲ ಸ್ಟಾರ್ಟ್ ಮಾಡಿ ನೋಡಿದ್ದಾಯಿತು. ದೀಪ ಮಾತ್ರ ಹಾಗೇ ಇತ್ತು.

ಗಂಟೆ ನಾಲ್ಕಾಯಿತು. ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ಆಗ ಡ್ಯಾಶ್‌ಬೋರ್ಡಿನಡಿ ತಲೆಕೆಳಗಾಗಿ ತೂರಿದ್ದ ಲೈನ್‌ಮನ್ ಕೂಗಿದರು: "ಸಾರ್! ದೀಪದ ಹಿಂದಿಂದ ಒಂದು ತುಂಡು ವೈರು ಬಂದು ಕಾರಿನ ತಗಡಿಗೆ ಸಿಕ್ಕಿಕೊಂಡಿದೆ. ಇದಕ್ಕೆ ಇಲ್ಲೇನೂ ಕೆಲಸ ಇಲ್ಲ. ಕತ್ತರಿಸಲಾ?"

"ಕತ್ತರಿಸ್ರೀ! ಏನ್ ಬೇಕಾದ್ರೂ ಕತ್ತರಿಸಿ!"

ಕಟ್ ಎಂದಿತು ಕಟಿಂಗ್ ಪ್ಲೇಯರು. ಅವಸರದಲ್ಲಿ ಅದರ ಪಕ್ಕದ, ಡೈನಮೋಗೆ ಹೋಗುವ ವೈರೂ ಹೋಯಿತು, ಅದು ಯಾರಿಗೂ ತಿಳಿಯಲಿಲ್ಲ. ದೀಪ ಆರಿತು! ಹತ್ತೊಂಬತ್ತು ವರ್ಷದ ಮೇಲೆ ಆರಿತು! ಕಾಂಪೌಂಡರ್ ಚಪ್ಪಾಳೆ ಹೊಡೆದರು. ಎಂಜಿನ್ ಓಡುತ್ತಿದ್ದಂತೆಯೇ ಲೈನ್‌ಮನ್ ಆಸೆಯಿಂದ ಮೀಟರ್ ಇಟ್ಟು ನೋಡಿದರು. ಹನ್ನೊಂದೂವರೆ. ಚಾರ್ಜ್ ಆಗುತ್ತಲೇ ಇಲ್ಲ ಎನ್ನುತ್ತಿತ್ತು ಅದು.

"ಮೀಟರ್ ಕೆಟ್ಟಿದ್ದೇ ಹೌದು ಬಿಡಿ" ಎಂದು ಅವರೇ ಒಪ್ಪಿಕೊಂಡರು.

ಮೇಷ್ಟ್ರು ಕಾರು ಹೊರಡಿಸಿದ ಬಗೆಯನ್ನು ನೋಡಬೇಕಿತ್ತು. ಅಂಚೆ ಕಚೇರಿ ದಾಟಿದರು. ಮೂರನೇ ಕಿಲೋಮೀಟರ್ ದಾಟಿದರು. ಕತ್ತಲಾಗುವ ಮೊದಲೇ ಹೆಡ್‌ಲೈಟ್ ಹಾಕಿದರು, ಸುಮ್ಮಸುಮ್ಮನೆ ಹಾರ್ನ್ ಹೊಡೆದರು. ಇಷ್ಟು ಸುಲಭದ ಕೆಲಸವನ್ನು ಆವತ್ತೇ ಮಾಡಿಸಿದ್ದರೆ ಭಾವನ ಮುಖ ನೋಡಬಹುದಿತ್ತಲ್ಲ ಎಂದು ತಮ್ಮನ್ನು ತಾವೇ ಬೈದುಕೊಂಡರು.

ಅಕ್ಕ ಸ್ಟೇಷನ್ ಹೊರಗೆ ಪೆಟ್ಟಿಗೆ ಹಿಡಿದು ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೇಷ್ಟ್ರು ಎಂಜಿನ್ ಆಫ್ ಮಾಡಿ ಇಳಿದರು. ಅವಳು ತಮ್ಮನನ್ನು ಬಿಟ್ಟು ಮೊದಲು ಕಾರನ್ನು ಸವರಿದಳು.

"ತಂದ್ಯಲ್ಲೋ, ಅಂತೂ" ಎಂದಳು. "ಕೀಲಿ ಕೊಡು. ನಾನು ಓಡಿಸ್ತೀನಿ."

ಮೇಷ್ಟ್ರು ಪೆಟ್ಟಿಗೆ ತಮ್ಮ ಕೈಗೆ ತೆಗೆದುಕೊಂಡು ಕೀಲಿ ಕೊಟ್ಟರು. ಅವಳು ಕೂತು ಕೀಲಿ ಅರ್ಧ ತಿರುಗಿಸಿದವಳೇ ಮುಖ ಗಂಟಿಕ್ಕಿದಳು. "ಕೆಂಪು ದೀಪ ಎಲ್ಲಿ? ಈಗ ಉರೀಬೇಕು. ಎಂಜಿನ್ ಎದ್ಮೇಲೆ ಆರಬೇಕು."

"ಅದು ಕೆಟ್ಟಿತ್ತು ಅಕ್ಕ. ಯಾವಾಗ್ಲೂ ಉರೀತಿತ್ತು. ಇವತ್ತು ಸರಿ ಮಾಡಿಸ್ದೆ."

"ಯಾವಾಗ್ಲೂ ಅಂದ್ರೆ... ಎಷ್ಟು ದಿನದಿಂದ?"

"ನೀನು ಹೋದಾಗಿನಿಂದ" ಎಂದರು ಮೇಷ್ಟ್ರು. ಹತ್ತೊಂಬತ್ತು ವರ್ಷ ಮುಚ್ಚಿಟ್ಟದ್ದು ಒಂದೇ ಉಸಿರಿಗೆ ಹೊರಬಿತ್ತು. "ಅದಕ್ಕೇ ನಾನು ಬರ್ಲಿಲ್ಲ. ಭಾವನಿಗೆ ಹಂಗಾದಾಗ್ಲೂ ಹೊರಟಿದ್ದೆ ಕಣೇ. ದೀಪ ನೋಡಿ ವಾಪಸ್ಸು ಬಂದೆ."

ಅಕ್ಕ ಸ್ಟಿಯರಿಂಗ್ ಮೇಲೆ ಹಣೆ ಇಟ್ಟಳು.

"ದೀಪದ ಹಿಂದೆ ಒಂದು ತುಂಡು ವೈರು ನಾನೇ ಸಿಕ್ಕಿಸಿದ್ದೆ ಕಣೋ. ಅಪ್ಪ ಕೀಲಿ ನಿನಗೆ ಕೊಟ್ರಲ್ಲ, ಹೊಟ್ಟೆ ಉರಿದುಹೋಯ್ತು. ದೀಪ ಒಂದೇ ಸುಳ್ಳು, ಗಾಡಿಗೆ ಏನೂ ಆಗಿರ್ಲಿಲ್ಲ. ಒಂದು ವಾರ ಒದ್ದಾಡ್ಲಿ, ಆಮೇಲೆ ಫೋನ್ ಮಾಡ್ತಾನೆ, ನಾನೇ ಬಂದು ತೆಗೀತೀನಿ ಅಂದ್ಕೊಂಡೆ. ನೀನು ಮಾಡ್ಲೇ ಇಲ್ಲ. ನಿನಗೇ ಆ ವೈರು ಸಿಕ್ಕಿರುತ್ತೆ ಅಂದ್ಕೊಂಡು ಮರೆತೇಬಿಟ್ಟೆ." ಅವಳು ಮೂಗು ಒರೆಸಿಕೊಂಡಳು. "ಒಂದು ಮಾತು ಕೇಳೋಕೇನಾಗಿತ್ತೋ?"

"ನೀನು ನಗ್ತೀಯಾ ಅಂತ."

"ನಗ್ತಿದ್ದೆ. ನಕ್ಕು ಹೇಳಿಬಿಡ್ತಿದ್ದೆ."

ಅಕ್ಕ ಕೀಲಿಯನ್ನು ಪೂರ್ತಿ ತಿರುಗಿಸಿದಳು. ಟಕ್ ಎಂದಿತು, ಅಷ್ಟೇ. ಹೆಡ್‌ಲೈಟು, ಹಾರ್ನು ಎಲ್ಲ ಸೇರಿ ಬ್ಯಾಟರಿಯನ್ನು ಹೀರಿಬಿಟ್ಟಿದ್ದವು. ನಿಜವಾದ ರೋಗ ಇವತ್ತು ತಗಲಿತ್ತು.

"ತಳ್ಳೋ!" ಎಂದಳು ಅಕ್ಕ.

ಮೇಷ್ಟ್ರು ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು ಇನ್ನೊಂದು ಕೈಯಲ್ಲಿ, ಭುಜದಲ್ಲಿ, ಇದ್ದಬದ್ದ ಶಕ್ತಿಯಲ್ಲೆಲ್ಲ ತಳ್ಳಿದರು. ಇಳಿಜಾರಿನಲ್ಲಿ ಕಾರು ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು. ಆದದ್ದೇ ಮುಂದಕ್ಕೆ ಹಾರಿತು.

"ಅಕ್ಕಾ! ನಿಲ್ಸೇ! ನಾನು ಹತ್ತಬೇಕು!"

"ನಿಲ್ಸಿದ್ರೆ ಆಫ್ ಆಗುತ್ತೆ ಕಣೋ!" ಕಿಟಕಿಯಿಂದ ಬಿಳೀ ತಲೆ ಹೊರಗೆ ಬಂತು. "ಮತ್ತೆ ಎದ್ದೇಳಲ್ಲ! ನೀನು ಬಾ!"

ಮೇಷ್ಟ್ರು ಓಡಿದರು. ಪೆಟ್ಟಿಗೆ ಮೊಣಕಾಲಿಗೆ ಬಡಿಯಿತು. ಕಾರು ತಿರುವಿನಲ್ಲಿ ಮರೆಯಾಯಿತು. ಅವರು ಏದುಸಿರು ಬಿಡುತ್ತಾ ನಿಂತು ಮನೆಗೆ ಫೋನ್ ಮಾಡಿದರು.

"ಗೇಟು ತೆಗೆದಿಡೇ. ಅಕ್ಕ ಬರ್ತಿದಾಳೆ. ಅಪ್ಪನ ಕಾರಲ್ಲೇ."

"ಅಯ್ಯೋ, ಒಳ್ಳೇದಾಯ್ತು! ನೀವು?"

ಮೇಷ್ಟ್ರು ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡರು.

"ನಾನು ಹಿಂದೇನೇ ಇದೀನಿ" ಎಂದರು. "ಹನ್ನೆರಡು ಕಿಲೋಮೀಟರ್ ಹಿಂದೆ."