ಹನಿಯಿಲ್ಲದ ಜನವರಿಯಲ್ಲಿ ಮೇಯರ್ ಸಾಹೇಬರು

"ಈ ಜನವರಿಯಲ್ಲಿ ಒಂದು ಹನಿಯನ್ನೂ ಮುಟ್ಟಲ್ಲ! ಇದು ಈ ಓಯ್ವನ ಮಾತು!"

ಹೊಸ ವರ್ಷದ ಮೊದಲ ಬೆಳಿಗ್ಗೆ ಕಾಫಿ ಲೋಟ ಎತ್ತಿ ಹಿಡಿದು ಭೀಷ್ಮಪ್ರತಿಜ್ಞೆ ಮಾಡಿದೆ. ನಮ್ಮ ಫಿನ್ಲೆಂಡಿನಲ್ಲಿ ಇದೊಂದು ವ್ರತ. ಡಿಸೆಂಬರಿನಲ್ಲಿ ಮೂಗಿನ ತನಕ ಕುಡಿದವರೆಲ್ಲ ಜನವರಿಯಲ್ಲಿ 'ಹನಿಯಿಲ್ಲದ ತಿಂಗಳು' ಆಚರಿಸಿ ಸಂತರಾಗುತ್ತಾರೆ.

ನನ್ನ ಹೆಂಡತಿ ರೈಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಕೇಳಿದಳು. "ತಪ್ಪಿದ್ರೆ?"

"ತಪ್ಪಿದ್ರೆ ಮಂಜುಗಡ್ಡೆ ಕರಗಿದ ಮೇಲೆ ಹಿತ್ತಲ ಕೊಳದಲ್ಲಿ ಎದೆಮಟ್ಟ ನಿಂತು ನೂರು ಎಣಿಸ್ತೀನಿ!"

"ಕೊಡಿ, ಬಾಟಲಿ ಇಟ್ಟಿರೋ ಬೀರುವಿನ ಬೀಗದ ಕೈ!"

ಕೊಟ್ಟೆ. ಹಬೆಸ್ನಾನದ ಸೌನಾ ಮನೆಯಲ್ಲಿ ಸೌದೆ ಒಟ್ಟಿಲಿನ ಹಿಂದೆ ಒಂದು ಪುಟ್ಟ ಬಾಟಲಿ ಬ್ಲೂಬೆರಿ ಮದ್ಯ ಇದ್ದದ್ದನ್ನು ಹೇಳಲಿಲ್ಲ. ಅದು ಔಷಧಿ. ಔಷಧಿ ಲೆಕ್ಕಕ್ಕೆ ಬರುತ್ತದೆಯೇ?

ಎರಡು ವಾರ ವ್ರತ ಸುಸೂತ್ರವಾಗಿ ನಡೆಯಿತು. ಆದರೆ ಕುಡಿಯದ ಮನುಷ್ಯನಿಗೆ ಯೋಚನೆ ಜಾಸ್ತಿ ನೋಡಿ! ನನಗೆ ಕೊಳದ ಮೀನುಗಳ ಚಿಂತೆ ಹತ್ತಿಕೊಂಡಿತು.

ಕೊಳದಲ್ಲಿ ಒಂಬತ್ತು ರೂತಾನಗಳಿದ್ದವು, ಗೆಂಡೆ ಮೀನಿನ ಬಡ ದಾಯಾದಿಗಳು. ಅವು ನನ್ನವಲ್ಲ, ಏಳು ವರ್ಷದ ಮೊಮ್ಮಗಳು ಸೀರಿಯವು. ಅವುಗಳಲ್ಲಿ ಹೊಟ್ಟೆ ದೊಡ್ಡದಿರುವವನಿಗೆ ಅವಳು 'ಮೇಯರ್' ಎಂದು ಹೆಸರಿಟ್ಟಿದ್ದಳು. ಶರತ್ಕಾಲದಲ್ಲಿ ಊರಿಗೆ ಹೊರಡುವಾಗ ನನ್ನ ಕಿವಿ ಹಿಡಿದು ಹೇಳಿದ್ದಳು. "ತಾತ, ಮೇ ಒಂದಕ್ಕೆ ಬರ್ತೀನಿ. ಒಂಬತ್ತೂ ಇರ್ಬೇಕು. ಮೇಯರ್ ಇಲ್ದೇ ಇದ್ರೆ ನಿನ್ ಜೊತೆ ಠೂ!"

ಈಗ ನೋಡಿದರೆ ಕೊಳದ ಮೇಲೆ ಮೊಳ ದಪ್ಪದ ಮಂಜುಗಡ್ಡೆ, ಅದರ ಮೇಲೆ ಸೊಂಟದೆತ್ತರ ಹಿಮ. ಒಳಗೆ ಗಾಳಿಯಿಲ್ಲ, ಬೆಳಕಿಲ್ಲ!

"ಪಾಪ, ಉಸಿರು ಕಟ್ಟಿ ಸಾಯ್ತವೆ ಕಣೇ!"

"ನನ್ನ ಅಜ್ಜಿ ಕಾಲದಿಂದ ಅವು ಹಾಗೇ ಬದುಕಿವೆ. ನಿಮ್ಮ ಪಾಡಿಗೆ ನೀವಿರಿ ಅಂದ್ರೆ ಕೇಳ್ತೀರಾ?" ಎಂದು ರೈಲಿ ಹಾಡಿನ ತಾಲೀಮಿಗೆ ಹೊರಟಳು. ಅವಳ ಕಾರು ತಿರುವು ದಾಟಿತೋ ಇಲ್ಲವೋ, ನಾನು ಗರಗಸ ಹಿಡಿದು ಕೊಳಕ್ಕೆ ಇಳಿದೆ.

ಮಂಜುಗಡ್ಡೆಯಲ್ಲಿ ಬಕೆಟ್ ಅಗಲದ ತೂತು ಕೊಯ್ದು, ಉದ್ದ ಹಿಡಿಯ ಬಲೆಯಿಂದ ತಳ ಕೆದಕಿದೆ. ಕೆಸರಿನ ಜೊತೆ ಸಾಕ್ಷಾತ್ ಮೇಯರ್ ಬಂದ! ಅಲುಗಲಿಲ್ಲ, ಕೊಸರಲಿಲ್ಲ. ಕಣ್ಣು ಸಹ ಮಿಟುಕಿಸಲಿಲ್ಲ. ಮೀನಿಗೆ ರೆಪ್ಪೆಯೇ ಇಲ್ಲ ಎಂಬುದು ಆ ಗಾಬರಿಯಲ್ಲಿ ಯಾರಿಗೆ ನೆನಪಿರುತ್ತದೆ?

ಬಕೆಟ್ಟಿಗೆ ಹಾಕಿಕೊಂಡು ಸೌನಾ ಮನೆಗೆ ಓಡಿದೆ. ಶನಿವಾರ ಸೌನಾ ದಿನವಾದ್ದರಿಂದ ಒಲೆ ಉರಿಯುತ್ತಿತ್ತು. ಬಕೆಟ್ಟನ್ನು ಬೆಚ್ಚಗಿನ ಮೂಲೆಯಲ್ಲಿಟ್ಟು ಕಾದೆ. ಮೇಯರ್ ಹಾಗೇ ಬಿದ್ದಿದ್ದ. ಸೀರಿಯ ಮುಖ ಕಣ್ಣ ಮುಂದೆ ಬಂದು ನನಗೆ ನಿಜಕ್ಕೂ ಅಳು ಬಂತು. ಆ ದುಃಖದಲ್ಲಿ ಕೈ ತನ್ನಷ್ಟಕ್ಕೆ ತಾನೇ ಸೌದೆ ಒಟ್ಟಿಲಿನ ಹಿಂದೆ ಹೋಯಿತು. ಒಂದೇ ಗುಟುಕು. ಸರಿ, ಮೂರು.

ಮೂರನೆಯ ಗುಟುಕಿಗೆ ಸರಿಯಾಗಿ ಬಕೆಟ್ಟಿನಲ್ಲಿ ಪಟ್ ಎಂದು ಸದ್ದು! ಮೇಯರ್ ಬಾಲ ಆಡಿಸಿದ!

"ಏಳಪ್ಪಾ, ಏಳು ನನ್ ರಾಜ! ನೀನೆದ್ರೆ ನಾನೂ ಬದುಕ್ದೆ!" ಎಂದು ಕೂಗಿದೆ. ಅಷ್ಟರಲ್ಲಿ ಯಾರೋ ಬಾಗಿಲು ದಬದಬ ಬಡಿದರು.

"ರೀ! ಒಳಗೆ ಯಾರಿದಾರೆ?"

"ಮೇಯರ್!"

"ಅಯ್ಯೋ ದೇವರೇ! ಮೇಯರನ್ನೂ ಕರೆಸ್ಕೊಂಡು ಕುಡೀತಿದ್ದೀರಾ?"

ಚಿಲಕ ತೆಗೆದೆ. ತಾಲೀಮು ಮುಗಿಸಿ ಬಂದ ರೈಲಿಯ ಜೊತೆ ಪಕ್ಕದ ಮನೆಯ ಟೆಲ್ಲೆರ್ವೊ ಟೀಚರೂ ನಿಂತಿದ್ದರು. ಊರಿನ ಅರ್ಧದಷ್ಟು ಜನಕ್ಕೆ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ನನಗೆ ಮಾತ್ರ ಕಲಿಸಲಾಗಲಿಲ್ಲವಂತೆ. ಮೇಯರ್ ಅದೇ ಹೊತ್ತಿಗೆ ಬಕೆಟ್ಟಿನಿಂದ ಹಾರಿ ಟೀಚರ ಬೂಟಿನ ಮೇಲೆ ಬಿದ್ದ!

ರೈಲಿ ಗಾಳಿ ಮೂಸಿದಳು. "ಗುಂಡಿನ ವಾಸನೆ!"

ಟೀಚರು ಮೀನನ್ನು ಎತ್ತಿ ಬಕೆಟ್ಟಿಗೆ ಹಾಕುತ್ತಾ ಬೈದರು. "ಅಲ್ಲಪ್ಪಾ ಓಯ್ವಾ, ಮಲಗಿದ್ದೋನನ್ನ ಯಾಕೆ ಎಬ್ಬಿಸ್ದೆ? ಗಾಳಿ ಇಲ್ದಿದ್ರೂ ರೂತಾನ ಸಾಯಲ್ಲ. ಮೈಯೊಳಗೇ ಮದ್ಯ ತಯಾರು ಮಾಡ್ಕೊಂಡು ಚಳಿಗಾಲ ಕಳೆಯುತ್ತೆ. ಇದರ ರಕ್ತ ಪರೀಕ್ಷೆ ಮಾಡಿದ್ರೆ ಕಾರು ಓಡಿಸೋ ಲೈಸೆನ್ಸ್ ಹೋಗುತ್ತೆ!"

ಆಹಾ! ಮುಳುಗುವವನಿಗೆ ಹುಲ್ಲುಕಡ್ಡಿಯಲ್ಲ, ಹಡಗೇ ಸಿಕ್ಕಿತು!

"ಕೇಳಿದ್ಯಾ ರೈಲಿ? ಕುಡಿದಿರೋನು ಮೇಯರ್! ವಾಸನೆ ಅವನದ್ದು! ನಾನು ಶುದ್ಧ!"

ರೈಲಿ ಮೇಯರನ್ನು ನೋಡಿದಳು. ಆಮೇಲೆ ನನ್ನನ್ನು. "ಎಲ್ಲಿ, ನಾಲಿಗೆ ಚಾಚಿ."

"ಯಾಕೆ?"

"ಚಾಚಿ ಅಂದೆ!"

ಚಾಚಿದೆ. ನೇರಳೆಹಣ್ಣು ತಿಂದ ಹುಡುಗನ ನಾಲಿಗೆಯಂತಿತ್ತಂತೆ.

"ಟೀಚರ್," ಎಂದಳು ರೈಲಿ ಬಹಳ ವಿನಯದಿಂದ, "ಈ ಮೀನು ಬ್ಲೂಬೆರಿದೂ ಮಾಡುತ್ತಾ?"

ಮೇಯರನ್ನು ಮೊದಲು ತಣ್ಣನೆಯ ನೆಲಮಾಳಿಗೆಯಲ್ಲಿಟ್ಟು, ಬಕೆಟ್ಟಿಗೆ ಸ್ವಲ್ಪಸ್ವಲ್ಪವಾಗಿ ಕೊಳದ ನೀರು ಬೆರೆಸಿ, ಸಂಜೆಯೊಳಗೆ ಟೀಚರೇ ತೂತಿನಿಂದ ಕೆಳಗೆ ಬಿಟ್ಟರು. "ಉಳಿದ್ರೆ ಅವನ ಪುಣ್ಯ," ಎಂದರು. ನಾನು ತೂತು ಮುಚ್ಚಿ, ಮೇಲೆ ಹಿಮ ಎಳೆದು, ಗರಗಸವನ್ನು ರೈಲಿಯ ಕೈಗೊಪ್ಪಿಸಿದೆ. ಆಮೇಲೆ ಮೂರೂವರೆ ತಿಂಗಳು ಕಿಟಕಿಯಲ್ಲಿ ಕೂತು ಆ ಬಿಳಿ ಹೊದಿಕೆಯನ್ನು ನೋಡಿದ್ದೇ ನೋಡಿದ್ದು. ವ್ರತ ಮಾತ್ರ ಏಪ್ರಿಲ್ ಮುಗಿಯುವವರೆಗೂ ನಡೆಯಿತು. ಬೀಗದ ಕೈ ವಾಪಸು ಬಂದರೆ ತಾನೆ!

ಮೇ ಒಂದು. ಮಂಜು ಕರಗಿ ನಾಲ್ಕು ದಿನವಾಗಿತ್ತು. ಸೀರಿ ಬಂದವಳೇ ದಡದಲ್ಲಿ ಕೂತು ಎಣಿಸಿದಳು. "ಆರು, ಏಳು, ಎಂಟು... ತಾತ, ಮೇಯರ್ ಎಲ್ಲಿ?"

ನಾನು ವ್ರತ ತಪ್ಪಿದ್ದಕ್ಕೆ ಶಿಕ್ಷೆ ಅನುಭವಿಸುತ್ತಿದ್ದೆ. ಚಡ್ಡಿಯಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು ಅರವತ್ತೆರಡರವರೆಗೆ ಎಣಿಸಿದ್ದೆ. ಹಲ್ಲು ಕಟಕಟ ಎನ್ನುತ್ತಿತ್ತು. ಮಗುವಿನ ಕಣ್ಣು ತುಂಬುತ್ತಿತ್ತು. ನನ್ನ ಪೆದ್ದುತನಕ್ಕೆ ಅವನು ಹೋಗಿಬಿಟ್ಟನಲ್ಲ ಎಂದು ನನ್ನ ಕಣ್ಣೂ ತುಂಬಿತು.

ಅರವತ್ಮೂರು ಎನ್ನುವಾಗ ಮೊಣಕಾಲಿಗೆ ಏನೋ ತಗುಲಿತು. ಮೆತ್ತಗೆ, ಅಧಿಕಾರವಾಣಿಯಲ್ಲಿ ದಾರಿ ಬಿಡು ಎಂದ ಹಾಗೆ. ಬಗ್ಗಿ ನೋಡಿದೆ. ಅದೇ ಹೊಟ್ಟೆ!

"ಒಂಬತ್ತು! ಸೀರಿ, ಒಂಬತ್ತು ಕಣೇ!"

ಸೀರಿ ದಡದಲ್ಲಿ ಕುಣಿದಳು. ಟೀಚರು ಬೇಲಿಯಾಚೆಯಿಂದ ಚಪ್ಪಾಳೆ ತಟ್ಟಿದರು. ಖುಷಿಗೋ ಚಳಿಗೋ ನಾನೂ ನಡುಗಿದೆ.

"ರೈಲಿ! ಇವತ್ತು ಹಬ್ಬ! ನಾನಿಲ್ಲಿ ಹೆಪ್ಪುಗಟ್ತಾ ಇದೀನಿ! ಮೈ ಬೆಚ್ಚಗಾಗೋಕೆ ಒಂದೇ ಒಂದು ಹನಿ ಕೊಡೇ!"

ರೈಲಿ ಟವೆಲ್ ಹಿಡಿದು ನಿಂತಿದ್ದಳು. ಕೊರಳಲ್ಲಿ ಬೀಗದ ಕೈ ಹೊಳೆಯುತ್ತಿತ್ತು.

"ಮೇಯರ್ ಆರು ತಿಂಗಳು ಅದೇ ನೀರಲ್ಲಿದ್ದ. ಯಾರ ಹತ್ರಾನೂ ಕೈ ಚಾಚಲಿಲ್ಲ, ತನಗೆ ಬೇಕಾದ್ದು ತಾನೇ ಮಾಡ್ಕೊಂಡ," ಎಂದಳು. "ನೀವೂ ಮಾಡ್ಕೊಳ್ಳಿ! ಹೂಂ, ಅರವತ್ನಾಲ್ಕು..."