ಹುರುಳಿ ಒಕ್ಕಿದ ವಿಲಾಯತಿ ಕಾರಿಗೆ

ಕೊಟ್ಟೂರು, ಮಾರ್ಚ್ ೧೯೭೯

ಮಾನ್ಯರೇ,

ಕೊಟ್ಟೂರಿನ ಶೇಂಗಾ ವ್ಯಾಪಾರಿಯೂ ವಾಚನಾಲಯದ ಕಾರ್ಯದರ್ಶಿಯೂ ಆದ ಬೆನಕಪ್ಪನು ತಮ್ಮ ನಾಲ್ಕು ಗಾಲಿಗಳಿಗೆ, ಎಂಟು ಸಿಲಿಂಡರುಗಳಿಗೆ ಹಾಗೂ ಈಗಲೂ ಉರಿಯುವ ಏಕೈಕ ದೀಪಕ್ಕೆ ಪ್ರತ್ಯೇಕವಾಗಿ ಕೈಮುಗಿದು ಬಿನ್ನವಿಸಿಕೊಳ್ಳುತ್ತಾನೆ. ಮನೆಯ ಮಾತನ್ನು ಹೀಗೆ ಬಹಿರಂಗವಾಗಿ ಬರೆಯಬೇಕಾಗಿ ಬಂದುದಕ್ಕೆ ಕ್ಷಮೆ ಇರಲಿ. ತಮ್ಮ ಒಳಗೆ ಕುಳಿತು ಹೇಳಿದ್ದು ಹೊರಗೆ ಯಾರಿಗೂ ಕೇಳಿಸುವುದಿಲ್ಲವೆಂಬುದು ಅನುಭವದಿಂದ ತಿಳಿದಿದೆ.

ತಾವು ಸಮುದ್ರ ದಾಟಿ ಬಂದವರು, ಜಮೀನುದಾರರ ಅರಮನೆಯಲ್ಲಿ ಬಾಳಿದವರು, ಹರಾಜಿನಲ್ಲಿ ನನ್ನ ಪಾಲಿಗೆ ಒದಗಿದವರು. ಶೇಂಗಾ ಚೀಲ ಹೊರಲು ಲಾರಿ ಬೇಕಾಗಿದ್ದವನು ತಮ್ಮನ್ನೇಕೆ ತಂದನೆಂದು ಊರು ಕೇಳಿತು. ಕಾರಣ ನನ್ನ ಮಡದಿ ಶಿವಬಸಮ್ಮ. ಹನ್ನೆರಡು ವರ್ಷದ ಹಿಂದೆ ತೆಲಿಗಿಯ ತವರಿನಲ್ಲಿ ಗೃಹಪ್ರವೇಶ ನಡೆದಾಗ, ಆಕೆಯ ಒಡಹುಟ್ಟಿದ ಗುರುಸಂಗಪ್ಪ ಕಾರಿನಲ್ಲಿ ಬಂದ ಸಾಹುಕಾರರ ಕಾಲಿಗೆ ತಾನೇ ನೀರು ಕೊಟ್ಟ. ಬಸ್ಸಿಳಿದು ಬಂದ ಅಕ್ಕ ಚೀಲ ಹಿಡಿದು ಅಂಗಳದಲ್ಲಿ ನಿಂತೇ ಇದ್ದಳು. “ಕಾರಿನಾಗ ಬಂದೋರಿಗಷ್ಟ ಇಲ್ಲಿ ಕಾಲಿಗೆ ನೀರು ಅಂದ್ರ, ನಾನೂ ಕಾರಿನಾಗ ಬರ್ತೀನಿ ಬಿಡು. ಅಲ್ಲಿತನ ನಿನ್ನ ಹೊಸ್ತಿಲ ತುಳಿಯಂಗಿಲ್ಲ,” ಎಂದು ತಿರುಗಿ ನಡೆದವಳು ಮತ್ತೆ ಅತ್ತ ಹೋಗಿರಲಿಲ್ಲ. ಬಾಡಿಗೆ ಕಾರು ತರುತ್ತೇನೆಂದರೆ, ಬಾಡಿಗೆ ಸಿಟ್ಟು ನನ್ನದಲ್ಲ ಎನ್ನುತ್ತಿದ್ದಳು.

ಈ ಮಾಘದಲ್ಲಿ ಗುರುಸಂಗಪ್ಪನ ಮಗಳ ಮದುವೆ ಬಂತು. ಮದುಮಗಳಿಗೆ ಮೊದಲ ಅರಿಷಿಣ ಹಚ್ಚುವುದು ಸೋದರತ್ತೆಯ ಹಕ್ಕು. ಹತ್ತು ಗಂಟೆಯೊಳಗೆ ಆಕೆ ಬಾರದಿದ್ದರೆ ಬೇರೆಯವರ ಕೈಯಿಂದ ಹಚ್ಚಿಸುವುದಾಗಿ ಹಿರಿಯರು ಹೇಳಿ ಕಳಿಸಿದ್ದರು. ಹಾಗೊಮ್ಮೆ ಆಗಿಬಿಟ್ಟರೆ ತವರಿನ ಬಾಗಿಲು ಮುಚ್ಚಿದಂತೆಯೇ ಎಂಬುದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಆದ್ದರಿಂದಲೇ ತಮ್ಮನ್ನು ತೊಳೆದು, ಒರೆಸಿ, ಮೂತಿಗೆ ಹಡಗಲಿಯ ಮಲ್ಲಿಗೆ ಕಟ್ಟಿ, ಸೂರ್ಯ ಮೂಡುವಾಗಲೇ ಹೊರಡಿಸಿದೆ.

ತಮ್ಮನ್ನು ನಡೆಸುವ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಚುಕ್ಕಾಣಿ ಪುಸ್ತಕದ ಹಾಳೆ ತಿರುವಿದಷ್ಟು ಹಗುರ. ಹಳ್ಳದಲ್ಲಿ ಇಳಿದರೂ ತೊಟ್ಟಿಲಲ್ಲಿ ತೂಗಿದ ಹಾಗೆ. ಆದರೆ ತಮ್ಮ ಉದ್ದ ನಮ್ಮ ಓಣಿಯ ಅಗಲಕ್ಕಿಂತ ಹೆಚ್ಚಾದ್ದರಿಂದ ಹರಪನಹಳ್ಳಿಗೆ ಹೊರಟವರು ತಿರುಗುವ ಜಾಗಕ್ಕಾಗಿ ಮೊದಲು ಕೂಡ್ಲಿಗಿಯ ದಿಕ್ಕಿಗೆ ಒಂದು ಮೈಲು ಹೋಗಬೇಕಾಯಿತು. ತಮ್ಮ ಎಂಜಿನ್ನಿನ ಮೌನ ಋಷಿಗಳಿಗೆ ಶೋಭಿಸುವಂಥದ್ದು. ದನಗಳು ಮಾತ್ರ ಋಷಿಗಳಿಗೆ ದಾರಿ ಬಿಡುವುದಿಲ್ಲ. ತಮ್ಮ ಹಾರ್ನು, ಕ್ಷಮಿಸಿ, ಕಲೆಕ್ಟರರು ಊಟದ ನಂತರ ಕೆಮ್ಮಿದಂತಿದೆ. ಹಿಂದಿನ ಸೀಟು ಯಾವ ದೇಶದ ದನದ ಚರ್ಮವೋ ಎಂದು ಶಿವಬಸಮ್ಮ ಅದರ ಮೇಲೆ ಕರಿಕಂಬಳಿ ಹಾಸಿ ಕುಳಿತಳು. ಹಿಂದುಮುಂದಿನ ಸೀಟುಗಳ ನಡುವೆ ಗಾಜಿನ ಪರದೆ ಇರುವುದರಿಂದ ಮೂವತ್ತೊಂದು ವರ್ಷದ ದಾಂಪತ್ಯದಲ್ಲಿ ಮೊದಲ ಬಾರಿಗೆ ಆಕೆ ಮಾತಾಡಿದ್ದು ನನಗೆ ಕೇಳಿಸಲಿಲ್ಲ.

ಹರಪನಹಳ್ಳಿ ದಾಟಿ ತೆಲಿಗಿ ಮೂರು ಮೈಲಿ ಇದೆಯೆನ್ನುವಾಗ ರಸ್ತೆಯ ಮೇಲೆ ಹುರುಳಿ ಹರಡಿತ್ತು. ನಮ್ಮ ಕಡೆ ಇದು ವಾಡಿಕೆ. ಹಾದುಹೋಗುವ ಗಾಡಿಗಳೇ ತುಳಿದು ಕಾಳು ಬಿಡಿಸಲೆಂದು ಟಾರು ರಸ್ತೆಯನ್ನೇ ಕಣ ಮಾಡುತ್ತಾರೆ. ತಾವು ಅದರ ಮೇಲೆ ತೇಲಿಹೋದಿರಿ. ಹುರುಳಿಯ ಒಡತಿ ಚೌಡಕ್ಕ ಒಂದು ಹಿಡಿ ಬಾಚಿ ನೋಡಿ ಓಡಿಬಂದಳು.

“ಡ್ರೈವರಪ್ಪ, ಬಸ್ಸು ಹಾದ್ರ ಕಾಳು ಒಡದು ಬ್ಯಾಳಿ ಆಗ್ತೈತಿ. ನಿನ್ನ ಗಾಡಿ ತುಳದದ್ದು ನೋಡು, ಒಂದೂ ಒಡದಿಲ್ಲ. ಹಿಂದ ಕುಂತಿರೋ ಸಾವ್ಕಾರ್ತೀನ ಕೇಳಿ ಇನ್ನೊಂದ್ ನಾಕು ಸಲ ಅಡ್ಡಾಡ್ಸು ನೋಡಾಮು.”

ಡ್ರೈವರಪ್ಪ ಎಂದದ್ದಕ್ಕೆ ನಾನು ಸಿಟ್ಟಾಗಬೇಕಿತ್ತು. ಆದರೆ ತಮ್ಮನ್ನು ತಂದಂದಿನಿಂದ ಉಪಯೋಗಕ್ಕೆ ಬಂತೆಂದು ಹೊಗಳಿದವರು ಆಕೆಯೊಬ್ಬಳೇ. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ ನಡೆಸಿದೆ. ನಾಲ್ಕು ಎಂದದ್ದು ಒಂಬತ್ತಾಯಿತು. ಗಾಜಿನ ಹಿಂದೆ ಶಿವಬಸಮ್ಮ ಬಡಿಯುತ್ತಿದ್ದುದನ್ನು ಮೆಚ್ಚುಗೆಯೆಂದು ತಿಳಿದ ತಪ್ಪು ನನ್ನದು. ಹುರುಳಿಯ ಬಳ್ಳಿಯನ್ನು ಹಿಂದಿನ ಅಚ್ಚಿಗೆ ಸುತ್ತಿಕೊಂಡು, ಹೊಗೆಯಾಡಿ, ನಿಂತದ್ದು ಮಾತ್ರ ತಾವು. ಚೌಡಕ್ಕ ಬುತ್ತಿಯ ಮಜ್ಜಿಗೆ ಸುರಿದು ಹೊಗೆ ಆರಿಸಿದಳು. ಯುದ್ಧಕಾಲದ ಇದ್ದಿಲು ಬಸ್ಸುಗಳನ್ನೂ ತಳ್ಳಿದವನು ನಾನು. ಅವು ತಳ್ಳಿದಾಗ ಕೃತಜ್ಞತೆಗಾದರೂ ಗುಡುಗುತ್ತಿದ್ದವು. ತಾವು ಮಿಸುಕಲಿಲ್ಲ.

ಆಗ ಕೆಂಪು ಬಸ್ಸು ಬಂತು. ಗಂಟೆ ಒಂಬತ್ತೂವರೆ. ಬಸ್ಸು ಹತ್ತಿಬಿಡು ಎಂದು ಆಕೆಯನ್ನು ಬೇಡಿದೆ. ಶಿವಬಸಮ್ಮ ಕಿಟಕಿ ಇಳಿಸಿ, “ಬಸ್ಸಿಗೆ ಹೋಗಂಗಿದ್ರ ಹನ್ನೆರಡು ವರ್ಷ ಯಾಕ ಕುಂದರ್ತಿದ್ದೆ,” ಎಂದು ಮತ್ತೆ ಏರಿಸಿದಳು. ಬಸ್ಸು ಹೋಯಿತು. ಚೌಡಕ್ಕ ಸೊಂಟಕ್ಕೆ ಕೈಯಿಟ್ಟು ನನ್ನನ್ನೂ ಗಾಜನ್ನೂ ನೋಡಿದಳು. “ನನ್ನ ಹುರಳ್ಯಾಗ ನಿಂತೈತಿ. ನನ್ನ ಎತ್ತೇ ಎಳಿಬೇಕಲ್ಲ,” ಎಂದು ಹಗ್ಗ ತಂದಳು.

ಹೀಗೆ, ಎರಡೂವರೆ ಟನ್ನಿನ ತಾವು ಎರಡು ಎತ್ತುಗಳ ಹಿಂದೆ, ಮುಂದೆ ನಾನು ಚುಕ್ಕಾಣಿ ಹಿಡಿದು, ಹಿಂದೆ ಆಕೆ ಕಂಬಳಿಯ ಮೇಲೆ ನೆಟ್ಟಗೆ ಕುಳಿತು, ಹನ್ನೊಂದೂವರೆಗೆ ತೆಲಿಗಿ ಮುಟ್ಟಿದೆವು. ಊರ ಅಗಸೆಬಾಗಿಲಲ್ಲಿ ಗುರುಸಂಗಪ್ಪ ತುಂಬಿದ ತಂಬಿಗೆ ಹಿಡಿದು ನಿಂತಿದ್ದ. ಯಾವಾಗಿನಿಂದ ನಿಂತಿದ್ದನೋ, ತಲೆಯ ರುಮಾಲು ಬೆವರಿಗೆ ಒದ್ದೆಯಾಗಿತ್ತು. ತಮ್ಮ ಕಡೆ ಕಣ್ಣೆತ್ತಿಯೂ ನೋಡದೆ ಮೊದಲು ಎತ್ತುಗಳ ಕಾಲಿಗೆ ನೀರು ಹಾಕಿದ. “ಕರಕೊಂಡ್ ಬಂದೋವಕ್ಕ ಮೊದ್ಲು,” ಎಂದ. ಆಮೇಲೆ ತಗ್ಗಿದ ದನಿಯಲ್ಲಿ, “ಅರಿಷಿಣದ ಬಟ್ಲ ಯಾರಿಗೂ ಮುಟ್ಟಗೊಟ್ಟಿಲ್ಲ, ಯಕ್ಕಾ. ಹಿರೇರು ಬೈದ್ರು. ಬೈಲಿ,” ಎಂದ.

ಮನೆ ಇನ್ನೂ ನೂರು ಹೆಜ್ಜೆ ದೂರವಿತ್ತು. ಕಾರಿನಲ್ಲೇ ಬರುತ್ತೇನೆಂದು ಹನ್ನೆರಡು ವರ್ಷ ಕಾದವಳು ಅಲ್ಲಿಯೇ ಬಾಗಿಲು ತೆಗೆದು ಇಳಿದಳು. ಅವನ ತೋಳು ಹಿಡಿದು ನಡೆದುಹೋದಳು. ತಮ್ಮ ಬಾಗಿಲನ್ನು ಮುಚ್ಚಲೂ ಇಲ್ಲ.

ನನ್ನ ಅಹವಾಲು ಇದೇ, ಮಾನ್ಯರೇ. ಆ ನೂರು ಹೆಜ್ಜೆಗೆಂದೇ ನಾನು ತಮ್ಮನ್ನು ಕೊಂಡದ್ದು. ಎತ್ತುಗಳಿಗೆ ಹೋಳಿಗೆ ಸಿಕ್ಕಿತು, ಚೌಡಕ್ಕನಿಗೆ ಕುಬಸದ ಬಟ್ಟೆ ಸಿಕ್ಕಿತು. ನನ್ನನ್ನು ಬೀಗರು ಡ್ರೈವರುಗಳ ಪಂಕ್ತಿಯಲ್ಲಿ ಕೂಡಿಸಿದರು. ಅಲ್ಲಿ ಸಾರು ಚೆನ್ನಾಗಿತ್ತು, ಅದು ಬೇರೆ ಮಾತು. ದಯವಿಟ್ಟು ಇನ್ನು ಮುಂದೆ ತಾವು ಎರಡು ಗಜ ಕುಗ್ಗಬೇಕು, ಕೋಣದಂತೆ ಕೂಗುವುದನ್ನು ಕಲಿಯಬೇಕು, ಮತ್ತು ಒಳಗಿರುವವನೇ ಯಜಮಾನನೆಂದು ದಾರಿಹೋಕರಿಗೆ ತಾವಾಗಿಯೇ ತಿಳಿಸಬೇಕು.

ಕಾಗದಪತ್ರಗಳ ಪ್ರಕಾರ ಮಾಲೀಕನೂ,
ಮಿಕ್ಕಂತೆ ತಮ್ಮ ವಿಶ್ವಾಸಿಯೂ ಆದ
ಬೆನಕಪ್ಪ

ವಿ.ಸೂ.: ಶಿವಬಸಮ್ಮ ತವರಿನಿಂದ ಬಸ್ಸಿನಲ್ಲೇ ಬಂದಳು, ಕಿಟಕಿಯ ಪಕ್ಕ ಜಾಗ ಸಿಕ್ಕಿತಂತೆ, ತಮ್ಮ ವಿಚಾರ ಕೇಳಲಿಲ್ಲ. ನಾಳೆ ಗುರುಸಂಗಪ್ಪ ಹನ್ನೆರಡು ವರ್ಷದ ಮೇಲೆ ಮೊದಲ ಸಲ ನಮ್ಮ ಮನೆಗೆ ಬರುತ್ತಿದ್ದಾನೆ, ಸೈಕಲ್ಲಿನ ಮೇಲೆ. ತೆಲಿಗಿಯಿಂದ ತಮ್ಮನ್ನು ಎಳೆತಂದವರು ನಮ್ಮ ತಲೆಬಾಗಿಲಿಗೆ ಅಡ್ಡಲಾಗಿ ಬಿಟ್ಟುಹೋಗಿದ್ದಾರೆ. ಅವನು ಒಳಗೆ ಬರುವಷ್ಟು ಜಾಗವನ್ನಾದರೂ ತಾವು ಸ್ವಂತ ಬಲದಿಂದ ಬಿಟ್ಟುಕೊಟ್ಟರೆ, ಅದನ್ನೇ ತಮ್ಮ ಈವರೆಗಿನ ಅತಿ ದೂರದ ಪ್ರಯಾಣವೆಂದು ಎಣಿಸುತ್ತೇನೆ.