ಪ್ಲಸ್ಸು, ಪರ್ಸೆಂಟು ಮತ್ತು ನಮ್ಮ ವೆಬ್‌ಸೈಟುಗಳು

ವೆಬ್‌ಸೈಟ್ ಮಾಡುವವರಿಗೆ ಏನಾದರೊಂದು ಫಜೀತಿ ಎದುರಾಗದ ವಾರವೇ ಇಲ್ಲ, ಅದರಲ್ಲೂ ವೆಬ್ ವಿಳಾಸವನ್ನು ಕನ್ನಡದಲ್ಲಿ ಇಡುವ ನಮ್ಮಂಥವರಿಗೆ! ನಾನೂ ನನ್ನ ಗೆಳತಿಯೂ ಸುಳ್ಯದಲ್ಲಿ ಸೇರಿ ಈ ಕೆಲಸ ಮಾಡುತ್ತೇವೆ. ವಿಳಾಸದಲ್ಲಿ ಕನ್ನಡ ಇದ್ದರೆ ಅದು ಪರ್ಸೆಂಟ್ ಚಿಹ್ನೆಗಳ ಸಂಕೇತವಾಗಿ ಪ್ರಯಾಣ ಮಾಡುತ್ತದೆ. ತಲುಪಿದ ಮೇಲೆ ಲೈಬ್ರರಿ ಎಂಬ ಸಿದ್ಧ ಪ್ರೋಗ್ರಾಂ ಅದನ್ನು ಬಿಡಿಸಿ ಮತ್ತೆ ಕನ್ನಡ ಮಾಡುತ್ತದೆ. ಕೇಳಲಿಕ್ಕೆ ಇಷ್ಟೇ.

ಕುಂಬ್ರದ ಪರ್ಸೆಂಟ್

ಕುಂಬ್ರದ ಚಪ್ಪಲಿ ಅಂಗಡಿಯವರಿಗೆ ಸೈಟ್ ಮಾಡಿಕೊಟ್ಟೆವು. ಅವರು ಖುಷಿಯಲ್ಲಿ ಅದರ ಲಿಂಕನ್ನು ಊರಿನ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದರು. ಬಿಡಿಸದ ಲಿಂಕ್, ಉದ್ದಕ್ಕೂ ಪರ್ಸೆಂಟ್ ಚಿಹ್ನೆ, ನಡುನಡುವೆ ಅಂಕೆ. ಮರುದಿನವೇ ಫೋನ್.

"ಮೇಡಂ, ಅಂಗಡಿ ತುಂಬ ಜನ! ನಿಲ್ಲಲಿಕ್ಕೆ ಜಾಗ ಇಲ್ಲ!"

"ಒಳ್ಳೇದಾಯ್ತಲ್ಲ!"

"ಎಂತ ಒಳ್ಳೇದು ಮಾರಾಯ್ರೆ! ಎಲ್ಲ ಡಿಸ್ಕೌಂಟ್ ಕೇಳ್ತಿದ್ದಾರೆ. ಒಬ್ಬರು ಲಿಂಕಿನ ಪರ್ಸೆಂಟನ್ನೆಲ್ಲ ಕೂಡಿಸಿ, ಚಪ್ಪಲಿಯೊಟ್ಟಿಗೆ ನಾನೇ ಅವರಿಗೆ ದುಡ್ಡು ಕೊಡ್ಬೇಕು ಅಂತಿದ್ದಾರೆ!"

ಆಲಂಕಾರಿನ ಎಣ್ಣೆ

ತೆಂಗಿನೆಣ್ಣೆ ಮಾರುವವರೊಬ್ಬರು ತಮ್ಮ ಪುಟದ ವಿಳಾಸದಲ್ಲೇ '100% ಶುದ್ಧ' ಅಂತ ಇರಬೇಕೆಂದು ಹಟ ಹಿಡಿದರು. ಲೈಬ್ರರಿ ಅದನ್ನು ಒಮ್ಮೆ ಸರಿಯಾಗಿಯೇ ಬಿಡಿಸಿ ಕೊಟ್ಟಿತ್ತು. ನನ್ನ ಗೆಳತಿ "ಇರ್ಲಿ" ಅಂತ ಇನ್ನೊಮ್ಮೆ ಬಿಡಿಸಲು ಹೊರಟಳು. ಸುಲಿದ ಬಾಳೆಹಣ್ಣನ್ನು ಮತ್ತೆ ಸುಲಿದ ಹಾಗೆ! ನಿಜವಾದ ಪರ್ಸೆಂಟನ್ನೂ ಸಂಕೇತವೆಂದೇ ತಿಳಿದ ಪ್ರೋಗ್ರಾಂ ಕಂಗಾಲಾಯಿತು. ಮಾಲೀಕರು ಎದುರಿಗೆ ಕೂತಿದ್ದಾಗಲೇ ಪರದೆ ಮೇಲೆ ದೊಡ್ಡದಾಗಿ ಬಂತು: '100% ಶುದ್ಧ: ತಪ್ಪು ಮಾಹಿತಿ.'

ಅವರು ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲನೆ ಕೇಳಿದರು: "ಇದಕ್ಕೆ ಯಾರು ಹೇಳಿದ್ದು?"

ಓ ಪಾಸಿಟಿವ್

ಇದು ಸುಖವಾಗಿ ಮುಗಿದದ್ದು, ಆದ್ದರಿಂದ ನಗಬಹುದು. ಸುತ್ತಲಿನ ಮೂರು ತಾಲೂಕುಗಳ ರಕ್ತದಾನಿಗಳನ್ನು ಹುಡುಕಲು ನಾವೊಂದು ಸೈಟ್ ಮಾಡಿದ್ದೆವು. ಕಡಬದ ಬ್ಯಾರಿ ಸಮುದಾಯದವರೊಬ್ಬರು ಫೋನ್ ಮಾಡಿದರು.

"ಅಕ್ಕ, ನಾಳೆ ತಂಗಿಗೆ ಸುಳ್ಯದಲ್ಲಿ ಆಪರೇಷನ್. O+ ಬೇಕು. ನಿಮ್ಮ ಸೈಟಲ್ಲಿ ಒಬ್ಬರೂ ಇಲ್ವಲ್ಲ!"

ಹುಡುಕಿ ನೋಡಿದೆವು. O- ಸಿಗುತ್ತದೆ, B- ಸಿಗುತ್ತದೆ, ಪಾಸಿಟಿವ್ ಒಂದೂ ಇಲ್ಲ.

"ಮೂರು ತಾಲೂಕಲ್ಲಿ ಪಾಸಿಟಿವ್ ಒಬ್ಬರೂ ಇಲ್ವಾ ಮಾರಾಯ್ತಿ?" ಅಂದಳು ಗೆಳತಿ.

ಆಗ ಹೊಳೆಯಿತು! ವಿಳಾಸದ ಹುಡುಕಾಟದ ಭಾಗದಲ್ಲಿ ಪ್ಲಸ್ ಚಿಹ್ನೆ ಕಂಡರೆ ಲೈಬ್ರರಿ ಅದನ್ನು ಖಾಲಿ ಜಾಗ ಅಂತ ಓದುತ್ತದೆ. ಪ್ಲಸ್ಸನ್ನೂ ಸಂಕೇತ ಮಾಡಿಯೇ ಕಳಿಸಬೇಕಿತ್ತು. ಕೂಡಲೇ ಸರಿಮಾಡಿದೆವು. ಪರದೆ ತುಂಬ ಹೆಸರು!

"ಬಂತು! ಬಂತು!" ಗೆಳತಿ ಕುರ್ಚಿ ಬಿಟ್ಟು ಹಾರಿದಳು. ಮೊದಲ ನಂಬರನ್ನು ಅವಳು ಗಡಿಬಿಡಿಯಲ್ಲಿ ಹೆಸರೂ ನೋಡದೆ ಓದಿದಳು, ನಾನು ಒತ್ತಿದೆ. ಅವಳ ಬ್ಯಾಗಿನೊಳಗೆ ಫೋನ್ ಬಡಿದುಕೊಂಡಿತು. ಪರದೆಯಿಂದ ಕಣ್ಣು ಕೀಳದೆ ತಡಕಾಡಿ ಎತ್ತಿದಳು.

ನಗು ತಡೆದುಕೊಂಡು ನಾನು ಕೇಳಿದೆ: "ಹಲೋ, ನಿಮ್ಮದು ಓ ಪಾಸಿಟಿವಾ?"

"ಹೌದು, ಆದ್ರೆ ಈಗ ಮಾತಾಡ್ಲಿಕ್ಕೆ ಪುರುಸೊತ್ತಿಲ್ಲ. ನಾವಿಲ್ಲಿ ಓ ಪಾಸಿಟಿವ್‌ನವರನ್ನು ಹುಡುಕ್ತಾ ಇದ್ದೇವೆ!"